ಹೊಗೆಕೋಣೆಗೆ ಕಪ್ಪು ಬ್ರಾ ಬೇಡ

ಗುರುವಾರ, ಊಟದ ಬಿಡುವಿನಲ್ಲಿ

ಪ್ರೀತಿಯ ಮರಿ,

ಕ್ಷೇಮ ಸಮಾಚಾರವೆಲ್ಲ ಆಮೇಲೆ. ಮೊದಲು ಇದನ್ನು ಓದಿಕೊ, ಓದಿಯಾದ ಮೇಲೆ ಇನ್ನೊಂದು ಸಲ ಓದಿಕೊ. ಶನಿವಾರ ಹೊಗೆಕೋಣೆಯ ಪರೀಕ್ಷೆಗೆ ಹೋಗುವಾಗ ನಾನು ಹೊಲಿದುಕೊಟ್ಟ ಕಪ್ಪು ಬ್ರಾ ಹಾಕಿಕೊಳ್ಳಬೇಡ. ಹಳೆಯ ಬೂದು ಬಣ್ಣದ್ದನ್ನೇ ಹಾಕಿಕೊ. ಅದು ಸಡಿಲವಾಗಿದೆ, ಓಡಿದರೆ ಎದೆ ಕುಣಿಯುತ್ತದೆ, ಸಂಜೆ ಹೊತ್ತಿಗೆ ನೋಯುತ್ತದೆ, ಎಲ್ಲ ನನಗೆ ಗೊತ್ತು. ನೋಯಲಿ. ಒಂದು ದಿನ ಸಹಿಸಿಕೊ. ಕಪ್ಪನೆಯದನ್ನು ಪೆಟ್ಟಿಗೆಯ ತಳಕ್ಕೆ ತುರುಕಿ ಮರೆತುಬಿಡು.

ಅಕ್ಷರ ಕೋಳಿ ಕೆದರಿದ ಹಾಗಿದೆ ಎಂದು ನಗಬೇಡ. ನಮ್ಮ ಬ್ರಾ ಕಂಪನಿಯ ಪರೀಕ್ಷಾ ಕೋಣೆಯ ಹಿಂದಿನ ಮೆಟ್ಟಿಲ ಮೇಲೆ ಕೂತು, ತೊಡೆಯ ಮೇಲೆ ಒಂದು ರಟ್ಟು ಇಟ್ಟುಕೊಂಡು ಬರೆಯುತ್ತಿದ್ದೇನೆ. ಊಟದ ಡಬ್ಬಿ ಪಕ್ಕದಲ್ಲಿದೆ, ಮುಚ್ಚಳ ತೆಗೆದಿಲ್ಲ. ನಮ್ಮ ಕಂಪನಿಯ ವ್ಯಾನು ಸಂಜೆ ನಿಮ್ಮ ಅಗ್ನಿಶಾಮಕ ತರಬೇತಿ ಶಿಬಿರದ ದಾರಿಯಲ್ಲೇ ಹೋಗುತ್ತದೆ. ಡ್ರೈವರಣ್ಣನ ಕಾಲು ಹಿಡಿಯುವುದೊಂದು ಬಾಕಿ, ಅಷ್ಟು ಕೇಳಿಕೊಂಡೆ. ಗೇಟಿನಲ್ಲಿ ಕೊಟ್ಟುಹೋಗುತ್ತೇನೆ ಎಂದು ಒಪ್ಪಿದ್ದಾನೆ.

ನಿನ್ನೆ ಏನಾಯಿತು ಎಂದು ಹೇಳುತ್ತೇನೆ, ಆಗ ನಿನಗೇ ಗೊತ್ತಾಗುತ್ತದೆ. ನಿನಗೆ ಹೊಲಿಯುವಾಗ ನಾನು ಕತ್ತರಿಸಿಕೊಂಡಿದ್ದ ಅಳತೆಯ ರಟ್ಟುಗಳು ನನ್ನ ಮೇಜಿನ ಮೇಲೆಯೇ ಉಳಿದುಬಿಟ್ಟಿದ್ದವು. ಪಕ್ಕದ ಮೇಜಿನವಳು ಅವನ್ನು ಕಂಪನಿಯ ಹೊಸ ಮಾದರಿಯವು ಎಂದುಕೊಂಡು, ಬಟ್ಟೆಯ ಮೇಲಿಟ್ಟು ಗೆರೆ ಹಾಕಿ ಕತ್ತರಿಸಿ, ಅಚ್ಚುಕಟ್ಟಾಗಿ ಇನ್ನೊಂದು ಬ್ರಾ ಹೊಲಿದು ಪರೀಕ್ಷೆಗೆ ಕಳಿಸಿದ್ದಾಳೆ. ನನ್ನನ್ನು ಒಂದು ಮಾತು ಕೇಳಿಲ್ಲ. ನಾನು ನೋಡುವ ಹೊತ್ತಿಗೆ ನಮ್ಮ ಜಿಂಕೆ ಅದನ್ನು ಹಾಕಿಕೊಂಡು ಟ್ರೆಡ್‌ಮಿಲ್ ಹತ್ತಿಯಾಗಿತ್ತು.

ಜಿಂಕೆ ನೆನಪಿದ್ದಾಳಲ್ಲ? ಓಡಿ ತೋರಿಸುವುದಕ್ಕೆಂದೇ ಕಂಪನಿಯವರು ಇಟ್ಟುಕೊಂಡಿರುವ ಹುಡುಗಿ, ಮೈಕಟ್ಟು ಅಚ್ಚು ನಿನ್ನದೇ. ಭುಜ, ಎದೆ, ಪಕ್ಕೆಗಳ ಮೇಲೆ ಸಣ್ಣ ಚುಕ್ಕೆಗಳನ್ನು ಅಂಟಿಸಿಕೊಂಡು ಅವಳು ಓಡುತ್ತಾಳೆ. ಸುತ್ತಲಿನ ಕ್ಯಾಮೆರಾಗಳು ಆ ಚುಕ್ಕೆಗಳ ಬೆನ್ನು ಹತ್ತುತ್ತವೆ. ಎದೆ ಎಷ್ಟು ಮೇಲೆ ಕೆಳಗೆ ಹೋಯಿತು, ಎಷ್ಟು ಆಚೆ ಈಚೆ ಹೋಯಿತು ಎಂದು ಪರದೆಯ ಮೇಲೆ ಗೆರೆ ಮೂಡುತ್ತದೆ. ಬ್ರಾ ಸರಿಯಾಗಿ ಹಿಡಿದಿಲ್ಲವಾದರೆ ಗೆರೆ ಗುಡ್ಡ ಕಣಿವೆ ಎಂದು ಹಾರಾಡುತ್ತದೆ. ಚೆನ್ನಾಗಿ ಹಿಡಿದರೆ ಸಣ್ಣ ಅಲೆಯಷ್ಟೆ. ನಿನ್ನೆ ಆ ಅಲೆಯೂ ಇರಲಿಲ್ಲ. ಗೆರೆ ಸೀದಾ ಮಲಗಿಬಿಟ್ಟಿತ್ತು. ಇಷ್ಟು ವರ್ಷದಲ್ಲಿ ನಮ್ಮ ಕೋಣೆಯಲ್ಲಿ ಯಾರೂ ಅಂಥದ್ದನ್ನು ನೋಡಿಲ್ಲ. ಮ್ಯಾನೇಜರು ಎದ್ದು ನಿಂತು, “ನೋಡ್ರಿ, ಒಂದು ಕೂದಲಷ್ಟೂ ಅಲ್ಲಾಡ್ತಿಲ್ಲ! ಯಾರು ಹೊಲಿದಿದ್ದು ಇದನ್ನ?” ಎಂದು ಚಪ್ಪಾಳೆ ತಟ್ಟಿದರು. ಎಲ್ಲರೂ ತಟ್ಟಿದರು.

ಎಲ್ಲರ ಕಣ್ಣೂ ಪರದೆಯ ಮೇಲಿತ್ತು. ನಾನು ಹುಡುಗಿಯ ಮುಖ ನೋಡುತ್ತಿದ್ದೆ. ಅವಳು ಬಾಯಿ ತೆರೆದು ಗಾಳಿ ಎಳೆಯುತ್ತಿದ್ದಳು, ಗಾಳಿ ಗಂಟಲಿನಿಂದ ಕೆಳಗೆ ಇಳಿಯುತ್ತಿರಲಿಲ್ಲ. ತುಟಿ ಬೂದಿಯ ಬಣ್ಣಕ್ಕೆ ತಿರುಗಿತ್ತು. ಒಂದು ಕೈ ಕಂಬಿ ಹುಡುಕುತ್ತಿತ್ತು, ಸಿಗುತ್ತಿರಲಿಲ್ಲ. ನಾನು ಓಡಿಹೋಗಿ ಯಂತ್ರ ನಿಲ್ಲಿಸುವ ದಾರ ಎಳೆದೆ. ಅವಳು ನನ್ನ ಮೈಮೇಲೆಯೇ ಕುಸಿದಳು. ಕುತ್ತಿಗೆಯಲ್ಲಿ ನೇತುಹಾಕಿಕೊಂಡಿದ್ದ ಕತ್ತರಿಯಿಂದ ಬೆನ್ನ ಹಿಂದಿನ ಪಟ್ಟಿಯನ್ನು ಕಚಕ್ಕೆಂದು ಕತ್ತರಿಸಿದೆ. ಮುಳುಗುತ್ತಿದ್ದವರನ್ನು ನೀರಿನಿಂದ ಎತ್ತಿದಾಗ ಎಳೆದುಕೊಳ್ಳುತ್ತಾರಲ್ಲ, ಹಾಗೆ ಉಸಿರೆಳೆದುಕೊಂಡಳು. ಸ್ವಲ್ಪ ಸುಧಾರಿಸಿಕೊಂಡ ಮೇಲೆ, “ಅಕ್ಕಾ, ಎದೆ ಅಲ್ಲಾಡ್ಲಿಲ್ಲ, ನಿಜ. ಉಸಿರೂ ಅಲ್ಲಾಡ್ಲಿಲ್ಲ,” ಎಂದಳು. ನೀರು ಕುಡಿಸಿ ಮನೆಗೆ ಕಳಿಸಿದೆವು. ಈಗ ಚೆನ್ನಾಗಿದ್ದಾಳೆ, ಬೆಳಿಗ್ಗೆ ಬಂದು ನನ್ನನ್ನೇ ಸಮಾಧಾನ ಮಾಡಿಹೋದಳು.

ನನಗೆ ಸಮಾಧಾನವಿಲ್ಲ. ನಿನ್ನೆಯಿಂದ ಅವಳ ಮುಖ ಕಣ್ಣಿಗೆ ಕಟ್ಟಿದೆ, ಅವಳ ಮುಖವಿದ್ದ ಜಾಗದಲ್ಲಿ ನಿನ್ನ ಮುಖ ಬರುತ್ತದೆ. ಅವಳು ಬೆಳಕಿರುವ ಕೋಣೆಯಲ್ಲಿ, ಹತ್ತು ಜನರ ಮಧ್ಯೆ, ಮೈಮೇಲೆ ಏನೂ ಭಾರವಿಲ್ಲದೆ ಓಡುತ್ತಿದ್ದಳು. ನೀನು ಕತ್ತಲಲ್ಲಿ, ಮಣಭಾರದ ಕೋಟು ತೊಟ್ಟು, ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು, ಮುಖಕ್ಕೆ ಮಾಸ್ಕ್ ಹಾಕಿಕೊಂಡು ತೆವಳುತ್ತೀಯ. ಆ ಕೋಟಿನೊಳಗೆ ಕೈಹಾಕಿ ಯಾರು ಪಟ್ಟಿ ಕತ್ತರಿಸುತ್ತಾರೆ?

ನಮ್ಮ ಕಸುಬಿನ ಹುಚ್ಚೇ ಇದು ಮರಿ. ನಿನಗೆ ಎಷ್ಟು ಸಲ ಹೇಳಿದ್ದೇನೆ, ಎದೆಯ ಭಾರ ಹೊರುವುದು ಹೆಗಲ ಪಟ್ಟಿಯಲ್ಲ, ಎದೆಯ ಕೆಳಗೆ ಸುತ್ತಿ ಬರುತ್ತದಲ್ಲ, ಆ ಕೆಳಪಟ್ಟಿ. ಹೆಗಲ ಪಟ್ಟಿ ಬರೀ ಕೈಜೋಡಿಸುತ್ತದೆ ಅಷ್ಟೆ. ಎರಡೂ ಕಡೆಯನ್ನು ಬೇರೆ ಬೇರೆ ಬಟ್ಟಲಿನಲ್ಲಿ ಕೂರಿಸಿ, ಕೆಳಪಟ್ಟಿಯನ್ನು ಹದವಾಗಿ ಬಿಗಿದರೆ ಎಂಥ ಓಟಕ್ಕೂ ಸಾಕು. ಆ ಹದ ಅನ್ನುವುದು ಇದೆಯಲ್ಲ, ಅಲ್ಲೇ ನಮ್ಮ ಕೈಚಳಕವೆಲ್ಲ ಇರುವುದು. ಪಟ್ಟಿ ಕುಳಿತಿರುವುದು ಪಕ್ಕೆಲುಬಿನ ಮೇಲೆ, ಪಕ್ಕೆಲುಬು ಹಿಗ್ಗಿದರೆ ತಾನೆ ಉಸಿರು? ನಮ್ಮ ಯಂತ್ರಕ್ಕೆ ಕುಣಿತ ಅಳೆಯುವುದು ಬಿಟ್ಟು ಬೇರೇನೂ ಬರುವುದಿಲ್ಲ. ಗೆರೆ ಮಲಗಿತೋ, ಎಲ್ಲರಿಗೂ ಹಬ್ಬ.

ತಪ್ಪು ಆಗಿರುವುದು ಇಲಾಸ್ಟಿಕ್ಕಿನದು. ಬೇರೆ ಯಾವುದಕ್ಕೋ ತರಿಸಿದ್ದ ಗಟ್ಟಿ ರೋಲು ನಮ್ಮ ಕಪಾಟಿಗೆ ಬಂದು ಸೇರಿಕೊಂಡಿತ್ತು. ನೋಡುವುದಕ್ಕೆ ಎರಡೂ ಒಂದೇ ಥರ. ಯಾರದೂ ತಪ್ಪಲ್ಲ, ಇಂಥದ್ದು ಆಗುತ್ತಿರುತ್ತದೆ. ನೀನು ಹೋಗುವ ಮುಂಚೆ ಬಾಗಿಲಲ್ಲಿ ನಿಂತು, “ಅಮ್ಮಾ, ಒಂದು ಚೂರೂ ಅಲ್ಲಾಡಬಾರ್ದು, ಅಂಥದ್ದು ಹೊಲ್ಕೊಡು, ಏಣಿ ಹತ್ತುವಾಗ ಎಲ್ಲರೂ ನೋಡ್ತಾರೆ,” ಎಂದು ಗೋಗರೆದೆ. ನಿನ್ನ ಮಾತು ತೆಗೆದುಹಾಕಲಾರದೆ ಕೂತು ಹೊಲಿದೆ. ಇಲಾಸ್ಟಿಕ್ ಕೈಕೊಟ್ಟಿತು. ಅಷ್ಟೇ ನಡೆದದ್ದು.

ಭಾನುವಾರ ನೀನು ಫೋನ್ ಮಾಡಿದಾಗ ಇದು ಇನ್ನೂ ಗೊತ್ತಿರಲಿಲ್ಲ. ಆದರೂ ನೀನು, ಯಾಕೋ ಓಡಿದರೆ ಬೇಗ ಸುಸ್ತಾಗುತ್ತದೆ, ಮೊದಲು ಹೀಗಿರಲಿಲ್ಲ ಎಂದೆಯಲ್ಲ, ಆಗ ಏನೋ ಕೇಳೋಣವೆಂದು ಬಾಯಿ ತೆರೆದೆ. ನಿನ್ನ ಹಿಂದೆ ಸಾಲಿನಲ್ಲಿ ನಿಂತವರು ಬೇಗ ಬೇಗ ಎಂದು ಗದರಿಸುವುದು ಕೇಳಿಸಿತು. ಊಟ ಆಯಿತಾ ಎಂದು ಕೇಳಿದೆ. ನೀನು ಆಯಿತು ಎಂದೆ. ಫೋನ್ ಕಟ್ಟಾಯಿತು.

ಇವತ್ತು ಬೆಳಿಗ್ಗೆ ನಿಮ್ಮ ಶಿಬಿರದ ಆಫೀಸಿಗೂ ಫೋನ್ ಮಾಡಿದೆ. ತೆಗೆದವರು ಗಂಡಸು, ದನಿ ಕೇಳಿದರೆ ದೊಡ್ಡ ಮೀಸೆ ಇರಬೇಕು ಅನ್ನಿಸಿತು. ದಿನವಿಡೀ ಬ್ರಾಗಳ ಮಧ್ಯೆ ಬದುಕುವ ನನ್ನ ನಾಲಿಗೆ ಆ ಹೊತ್ತಿಗೆ ಮರಗಟ್ಟಿತು ನೋಡು. ನನ್ನ ಮಗಳ ಒಳಗಿನ ಬಟ್ಟೆ ಸ್ವಲ್ಪ ಬಿಗಿಯಿದೆ, ಬದಲಾಯಿಸಿಕೊಳ್ಳಬೇಕು, ದಯವಿಟ್ಟು ಹೇಳಿ ಎಂದು ತೊದಲಿದೆ. “ಬಟ್ಟೆಬರೆ ವಿಷಯಕ್ಕೆಲ್ಲ ಇಲ್ಲಿಗೆ ಫೋನ್ ಮಾಡ್ಬೇಡೀಮ್ಮ. ಸರಿ, ಹೇಳ್ತೀವಿ,” ಎಂದು ಇಟ್ಟುಬಿಟ್ಟರು. ಅವರು ನಿನಗೆ ಹೇಳಿದರೋ ಇಲ್ಲವೋ ದೇವರೇ ಬಲ್ಲ.

ನಿನ್ನೆ ಸಂಜೆ ನಾನೇ ಬರೋಣವೆಂದು ಬಸ್ ನಿಲ್ದಾಣದವರೆಗೂ ಹೋಗಿದ್ದೆ. ಬಸ್ಸೂ ಬಂತು. ನಿನ್ನ ಸೋದರಮಾವನ ಮಾತ್ರೆ ನೆನಪಾಗಿ ವಾಪಸ್ ಬಂದೆ. ಅವನಿಗೆ ಮಾತ್ರೆ ಕೊಡುವುದಕ್ಕೆ ಪಕ್ಕದ ಮನೆಯಾಕೆ ಇದ್ದಾಳಲ್ಲ ಎಂದು ನೀನು ಕೇಳುತ್ತೀಯ. ಇದ್ದಾಳೆ.

ನಿನ್ನ ಮಾವನ ವಿಷಯ ಏನು ಬರೆಯಲಿ? ಹಗಲೆಲ್ಲ ಕಿಟಕಿಯ ಪಕ್ಕದ ಕುರ್ಚಿ, ಮೂಗಿಗೆ ನಳಿಗೆ, ಮೂಲೆಯಲ್ಲಿ ಗುಯ್ಯೆನ್ನುವ ಆಮ್ಲಜನಕದ ಯಂತ್ರ. ಯಂತ್ರ ನಿಂತರೆ ನಾನು ಅಡಿಗೆಮನೆಯಿಂದ ಓಡಿಬರುತ್ತೇನೆ, ಯಂತ್ರ ನಡೆಯುತ್ತಿದ್ದರೂ ಬಂದು ಇಣುಕುತ್ತೇನೆ. ಅವನು ಕೆಮ್ಮಲು ಶುರುಮಾಡಿದರೆ ನಾನು ಉಸಿರು ಹಿಡಿದು ನಿಲ್ಲುತ್ತೇನೆ, ಅವನದು ನಿಂತ ಮೇಲೆ ನನ್ನದು ಬಿಡುತ್ತೇನೆ. ಬೆಂಕಿ ಆರಿಸಿ ಆರಿಸಿ ಇವನು ಪಡೆದದ್ದು ಇದು. ಆದರೂ ಬಂದವರಿಗೆಲ್ಲ, “ನನ್ನ ಸೊಸೆ ಅಗ್ನಿಶಾಮಕ ದಳಕ್ಕೆ ಸೇರ್ತಾಳೆ,” ಎಂದು ಮೂರು ಸಲ ನಿಲ್ಲಿಸಿ ನಿಲ್ಲಿಸಿ ಹೇಳಿ ಮುಗಿಸುತ್ತಾನೆ. ಸೊಸೆಯಾದವಳಿಗೆ ಬುದ್ಧಿ ಹೇಳು ಎಂದರೆ ನಗುತ್ತಾನೆ. ನಿಮ್ಮಪ್ಪ ಹೋದ ಮೇಲೆ ನಿನ್ನನ್ನು ಹೆಗಲ ಮೇಲೆ ಹೊತ್ತು ತಿರುಗಿದವನು ಅವನೇ, ನಿನಗೆ ಅವನ ಹುಚ್ಚು ಹತ್ತಿದ್ದರಲ್ಲಿ ಆಶ್ಚರ್ಯವಿಲ್ಲ. ಹೊಗೆಕೋಣೆಯಲ್ಲಿ ಗಾಬರಿಯಾಗಬಾರದು, ಗಾಬರಿಯಾದರೆ ಉಸಿರು ಜೋರಾಗುತ್ತದೆ, ಉಸಿರು ಜೋರಾದರೆ ಸಿಲಿಂಡರ್ ಬೇಗ ಖಾಲಿಯಾಗುತ್ತದೆ ಎಂದು ಅವನು ನಿನಗೆ ಪಾಠ ಹೇಳುತ್ತಿದ್ದಾಗ ನಾನು ಗೋಡೆಯಾಚೆ ಕೂತು ಕೇಳಿಸಿಕೊಂಡಿದ್ದೇನೆ. ಈಗ ಅದೇ ಮಾತು ತಲೆಯಲ್ಲಿ ಗಿರಗಿರ ತಿರುಗುತ್ತಿದೆ. ಇಲಾಸ್ಟಿಕ್ಕಿನ ವಿಷಯ ಅವನಿಗೆ ಹೇಳಿಲ್ಲ. ಸುಮ್ಮನೆ ಯಾಕೆ?

ಇನ್ನೊಂದು ಮಾತು. ಪರೀಕ್ಷೆಯಲ್ಲಿ ಆಗಲಿಲ್ಲ ಎಂದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ. ನಮ್ಮ ಮಾದರಿ ಹೊಲಿಯುವ ಕೋಣೆಯಲ್ಲಿ ಕಿಟಕಿಯ ಪಕ್ಕದ ಮೇಜು ಖಾಲಿಯಾಗಿದೆ. ಮ್ಯಾನೇಜರಿಗೆ ನಿನ್ನ ವಿಷಯ ಹೇಳಿದ್ದೇನೆ, ನಿನ್ನೆ ಮೊನ್ನೆಯಲ್ಲ, ನೀನು ಶಿಬಿರಕ್ಕೆ ಹೋದ ವಾರವೇ. ಬೆಳಕು ಚೆನ್ನಾಗಿ ಬೀಳುತ್ತದೆ. ಫ್ಯಾನೂ ಇದೆ.

ಬಿಡುವು ಮುಗಿದ ಗಂಟೆ ಹೊಡೆಯಿತು. ವ್ಯಾನು ಹೊರಡುವ ಮುಂಚೆ ಇದನ್ನು ಕೊಡಬೇಕು. ಮತ್ತೆ ಹೇಳುತ್ತೇನೆ, ಕಪ್ಪನೆಯದು ಬೇಡ. ಬೂದು ಬಣ್ಣದ್ದು ಹಾಕಿಕೊ, ಹಾಕಿಕೊಂಡ ಮೇಲೆ ಕೆಳಪಟ್ಟಿಯೊಳಗೆ ಎರಡು ಬೆರಳು ಸಲೀಸಾಗಿ ಹೋಗುತ್ತದಾ ನೋಡು, ಕೈ ಎರಡೂ ಮೇಲೆತ್ತಿ ಎದೆ ತುಂಬ ಉಸಿರೆಳೆದು ನೋಡು. ಬೆರಳು ಹೋಗದಿದ್ದರೆ ಯಾರು ಹೊಲಿದಿದ್ದರೂ ಹಾಕಿಕೊಳ್ಳಬೇಡ.

ದೇವರು ನಿನ್ನ ಉಸಿರು ಕಾಯಲಿ ಎಂದು ಬೇಡಿಕೊಳ್ಳುವ,
ನಿನ್ನ ಅಮ್ಮ

ತಾ.ಕ.: ಬೂದು ಬಣ್ಣದ್ದರಲ್ಲಿ ಮುಜುಗರವಾದರೆ ಪರೀಕ್ಷೆಗೇ ಹೋಗಬೇಡ. ಸೀದಾ ಮನೆಗೆ ಬಂದುಬಿಡು. ಮಾವನಿಗೆ ನಾನು ಏನಾದರೂ ಹೇಳಿಕೊಳ್ಳುತ್ತೇನೆ.



ಭಾನುವಾರ, ಸಂಜೆ

ಅಮ್ಮಾ,

ನಾನು ಚೆನ್ನಾಗಿದ್ದೇನೆ. ಇದನ್ನು ಮೊದಲು ಬರೆಯುತ್ತಿದ್ದೇನೆ, ಯಾಕೆಂದರೆ ನೀನು ಲಕೋಟೆ ಹರಿಯುವಾಗಲೇ ಅರ್ಧ ಜೀವ ಬಿಟ್ಟಿರುತ್ತೀಯ. ಮಾವನೂ ಪಕ್ಕದಲ್ಲೇ ಕೂತು, ಗಟ್ಟಿಯಾಗಿ ಓದು ಎನ್ನುತ್ತಿರುತ್ತಾನೆ. ಓದು. ಬ್ರಾ ಎಂಬ ಮಾತು ಬಂದಾಗಲೆಲ್ಲ ಮಾವ ಕಿಟಕಿಯ ಕಡೆ ನೋಡಲಿ.

ನಿನ್ನ ಪತ್ರ ಇವತ್ತು ಮಧ್ಯಾಹ್ನ ಕೈಗೆ ಬಂತು. ಗೇಟಿನವರು ಬಂದ ಪತ್ರಗಳನ್ನೆಲ್ಲ ಡ್ರಾಯರಿನಲ್ಲಿ ಇಟ್ಟುಕೊಂಡು ಭಾನುವಾರವೇ ಹಂಚುವುದು. ನಿನ್ನ ಫೋನಿನ ವಿಷಯ ಮಾತ್ರ ಗುರುವಾರವೇ ತಿಳಿಯಿತು. ಬೆಳಗಿನ ಡ್ರಿಲ್ ಮುಗಿದು ಎಲ್ಲರೂ ಸಾಲಾಗಿ ನಿಂತಿದ್ದಾಗ ಆಫೀಸಿನವರು ಬಂದು, “ನಿಮ್ಮಮ್ಮ ಫೋನ್ ಮಾಡಿದ್ರು, ದಿನಾ ಬಟ್ಟೆ ಬದಲಾಯಿಸ್ಬೇಕಂತೆ,” ಎಂದು ಎಲ್ಲರೆದುರು ಹೇಳಿದರು. ಅವತ್ತಿನಿಂದ ನನ್ನನ್ನು ಕಂಡರೆ ಹುಡುಗಿಯರೆಲ್ಲ ಮೂಗು ಮುಚ್ಚಿಕೊಳ್ಳುತ್ತಾರೆ. ಆ ಆಫೀಸಿನವರಿಗೆ ಮೀಸೆಯಿಲ್ಲ ಅಮ್ಮಾ, ತಲೆಯಲ್ಲಿ ಕೂದಲೂ ಇಲ್ಲ.

ಹೀಗಾಗಿ ಶನಿವಾರ ನಾನು ಕಪ್ಪನೆಯದನ್ನೇ ಹಾಕಿಕೊಂಡು ಹೋದೆ.

ಹೆದರಬೇಡ, ನಾನು ಇದನ್ನು ಬರೆಯುತ್ತಿದ್ದೇನಲ್ಲ. ಹೊಗೆಕೋಣೆಯೆಂದರೆ ಒಂದು ಹಳೆಯ ಉಗ್ರಾಣ, ಒಳಗೆ ಹಲಗೆಯಿಂದ ಸಣ್ಣ ಸಣ್ಣ ಓಣಿ ಮಾಡಿದ್ದಾರೆ. ಬಾಗಿಲು ಮುಚ್ಚಿದ ಮೇಲೆ ನಮ್ಮ ಕೈ ನಮಗೇ ಕಾಣುವುದಿಲ್ಲ. ಗೋಡೆ ಸವರಿಕೊಂಡು, ಮಂಡಿಯೂರಿ ಹೋಗಿ, ಮರಳು ತುಂಬಿದ ಗೊಂಬೆಯನ್ನು ಹುಡುಕಿ ಹೊರಗೆ ಎಳೆದು ತರಬೇಕು. ಜೋಡಿಯಾಗಿ ಹೋಗಬೇಕು. ನನ್ನ ಜೋಡಿ ಲಂಬು, ನನ್ನ ಪಕ್ಕದ ಮಂಚದ ಉದ್ದನೆಯ ಹುಡುಗಿ.

ಮೊದಲನೆಯ ತಿರುವಿನಲ್ಲೇ ಉಸಿರು ಸಾಲದಾಯಿತು. ಮಾಸ್ಕಿನಲ್ಲಿ ಗಾಳಿ ಬರುತ್ತಿತ್ತು, ನಾನು ಎಳೆದುಕೊಳ್ಳುತ್ತಲೂ ಇದ್ದೆ, ಅದು ಎದೆಯ ಅರ್ಧದವರೆಗೆ ಬಂದು ನಿಲ್ಲುತ್ತಿತ್ತು. ನಿಧಾನ, ನಿಧಾನ ಎಂದು ಮಾವ ಹೇಳಿಕೊಟ್ಟ ಹಾಗೆ ಎಣಿಸಿದೆ. ಎಣಿಸುವುದಕ್ಕೂ ಗಾಳಿ ಬೇಕಲ್ಲ. ಗೊಂಬೆ ಸಿಕ್ಕಿತು, ಅದರ ಕಂಕುಳಿಗೆ ಕೈ ಹಾಕಿದೆ, ಎತ್ತಲು ಹೋದಾಗ ಕಿವಿ ಗುಂಯ್ಗುಟ್ಟಲು ಶುರುವಾಯಿತು. ಅಷ್ಟರಲ್ಲಿ ನನ್ನ ಸಿಲಿಂಡರ್ ಶಿಳ್ಳೆ ಹೊಡೆಯಿತು. ಗಾಳಿ ಮುಗಿಯುತ್ತ ಬಂದಾಗ ಅದು ಹಾಗೆ ಹೊಡೆಯುತ್ತದೆ. ಲಂಬುವಿನದು ಇನ್ನೂ ಹೊಡೆದಿರಲಿಲ್ಲ. ಇಬ್ಬರೂ ಒಟ್ಟಿಗೇ ಒಳಗೆ ಹೋಗಿದ್ದೆವು ಅಮ್ಮಾ, ನನ್ನದು ಮಾತ್ರ ಮುಗಿದಿತ್ತು. ಆಮೇಲೆ ನನಗೆ ದಿಕ್ಕು ತಪ್ಪಿತು. ಯಾವುದು ಗೋಡೆ, ಯಾವುದು ನೆಲ ತಿಳಿಯಲಿಲ್ಲ. ಮಾಸ್ಕ್ ಕಿತ್ತು ಎಸೆಯಬೇಕು ಅನ್ನಿಸಿತು, ಕೈ ಅಲ್ಲಿಗೆ ಹೋಗಿಯೂ ಇತ್ತು. ಲಂಬು ನನ್ನ ಕೈಯನ್ನು ಬಡಿದು ಕೆಳಗೆ ಹಾಕಿ, ಕಾಲರ್ ಹಿಡಿದು ದರದರ ಎಳೆದುಕೊಂಡು ಹೊರಗೆ ತಂದಳು. ಗೊಂಬೆ ಒಳಗೇ ಉಳಿಯಿತು.

ವೈದ್ಯರು ನೋಡಿದರು, ಏನೂ ಆಗಿಲ್ಲ. ಡ್ರಿಲ್ ಮೇಡಂ ನನ್ನ ಎದುರು ಕುಕ್ಕರುಗಾಲಲ್ಲಿ ಕೂತು, “ಕಾಲು ಚೆನ್ನಾಗಿದೆ, ಕೈಯಲ್ಲಿ ಬಲ ಇದೆ, ಧೈರ್ಯನೂ ಇದೆ. ಉಸಿರೇ ಸಾಲ್ದು ನಿಂದು. ಹೇಳ್ಕೊಟ್ಟು ಬರೋದಲ್ಲ ಅದು,” ಎಂದರು. ಬೈದಿದ್ದರೆ ಚೆನ್ನಾಗಿತ್ತು. ಗುರುವಾರ ಇನ್ನೊಂದು ಅವಕಾಶವಿದೆ, ಬೇಕಾದರೆ ತೆಗೆದುಕೊ ಎಂದರು. ಬೇಡ ಎಂದು ಹೇಳಿದೆ. ನಿನ್ನೆ ಸಂಜೆಯೇ ಪೆಟ್ಟಿಗೆ ಕಟ್ಟಿದೆ. ಇವತ್ತು ಊಟವಾದ ಮೇಲೆ ಹೊರಡುವವಳಿದ್ದೆ. ಊಟದ ಸಾಲಿನಲ್ಲಿ ನಿಂತಿದ್ದಾಗ ನಿನ್ನ ಪತ್ರ ಕೊಟ್ಟರು.

ನಿಂತಲ್ಲೇ ಓದಿದೆ. ತಟ್ಟೆ ಲಂಬುವಿನ ಕೈಗೆ ಕೊಟ್ಟು ಬಚ್ಚಲಿಗೆ ಓಡಿದೆ. ನಿನ್ನೆಯದನ್ನೇ ಒಗೆದು ಒಣಗಿಸಿ ಹಾಕಿಕೊಂಡಿದ್ದೆ, ಅದನ್ನು ಬಿಚ್ಚಿ ಗೋಡೆಗೆ ಒರಗಿ ನಿಂತು ಒಂದು ಉಸಿರು ಎಳೆದುಕೊಂಡೆ. ಎಲ್ಲಿಂದಲೋ ಬಂತು ಅಮ್ಮಾ, ಬರುತ್ತಲೇ ಇತ್ತು. ಆಮೇಲೆ ಬೂದು ಬಣ್ಣದ್ದು ಹಾಕಿಕೊಂಡು ಮೈದಾನ ಸುತ್ತಿದೆ. ಎದೆ ಕುಣಿಯಿತು, ನೋವೂ ಬಂತು, ಎರಡು ಕೈಯಿಂದ ಅದುಮಿಕೊಂಡೇ ಓಡಿದೆ, ಎಲ್ಲರೂ ನೋಡಿದರು. ಉಸಿರು ಮಾತ್ರ ಕೊನೆಯವರೆಗೂ ಜೊತೆಗಿತ್ತು. ಮೇಡಂ ಹತ್ತಿರ ಹೋಗಿ, ಗುರುವಾರ ಪರೀಕ್ಷೆ ಕೊಡುತ್ತೇನೆ ಎಂದು ಹೇಳಿ ಬಂದೆ.

ಮಾವ, ನಿನ್ನ ಸೊಸೆಯ ಉಸಿರು ಸರಿಯಾಗಿದೆಯಂತೆ, ಕೇಳಿಸಿತಾ? ಇಲಾಸ್ಟಿಕ್ ರೋಲು ಅದಲು ಬದಲಾಗಿದ್ದಕ್ಕೆ ಯಾರು ಏನು ಮಾಡುವುದಕ್ಕಾಗುತ್ತದೆ? ಅಮ್ಮನನ್ನು ಬೈಯಬೇಡ. ಜಿಂಕೆಗೆ ನಾನು ಕೇಳಿದೆ ಎಂದು ಹೇಳು ಅಮ್ಮಾ.

ನಿಮ್ಮ,
ಮರಿ

ತಾ.ಕ.: ಈ ಹಾಳೆಯನ್ನು ಬೇರೆಯಾಗಿ ಮಡಿಸಿ ಇಟ್ಟಿದ್ದೇನೆ. ಇದು ನಿನಗೊಬ್ಬಳಿಗೆ, ಮಾವನಿಗೆ ಓದಿ ಹೇಳಬೇಡ.

ಪಕ್ಕದ ಮೇಜಿನವಳು ಹೊಲಿದದ್ದು ನಿನ್ನ ರಟ್ಟಿನ ಮೇಲೆ ಎಂದು ನೀನೇ ಬರೆದಿದ್ದೀಯ. ಅವಳದೂ ಬಿಗಿ, ನನ್ನದೂ ಬಿಗಿ. ಆದರೂ ನಿನ್ನ ಮಾತೇ ನಿಜವಾಗಲಿ ಎಂದುಕೊಂಡು ಕಪ್ಪನೆಯದನ್ನು ಬೂದು ಬಣ್ಣದ್ದರ ಮೇಲಿಟ್ಟು ನೋಡಿದೆ. ಆಮೇಲೆ ಲಂಬುವಿನ ಬ್ಲೇಡು ತೆಗೆದುಕೊಂಡು ಪಟ್ಟಿಯ ಹೊಲಿಗೆ ಬಿಚ್ಚಿದೆ. ಎಳೆದು ನೋಡಿದೆ, ಇಲಾಸ್ಟಿಕ್ ಎರಡರಲ್ಲೂ ಒಂದೇ. ಕಪ್ಪನೆಯದರಲ್ಲಿ ಬಟ್ಟೆಯೇ ಎರಡು ಬೆರಳು ಕಡಿಮೆಯಿದೆ. ಗಡಿಬಿಡಿಯಲ್ಲಿ ಆದದ್ದಲ್ಲ, ಎರಡೂ ಪಕ್ಕದಲ್ಲಿ ಸಮವಾಗಿ ತೆಗೆದಿದ್ದೀಯ, ಬಿಚ್ಚಿಕೊಳ್ಳದ ಹಾಗೆ ಮೂಲೆಯಲ್ಲಿ ಎರಡೆರಡು ಸಲ ಹೊಲಿಗೆ ಹಾಕಿದ್ದೀಯ. ನಾನು ಸುಸ್ತಾಗಿ, ಆಗುವುದಿಲ್ಲ ಎಂದು ಮನೆಗೆ ಬರಲಿ ಎಂದು ತಾನೆ? ಇಷ್ಟಾಗುತ್ತದೆಂದು ನಿನಗೆ ಗೊತ್ತಿರಲಿಲ್ಲ. ಜಿಂಕೆ ಬಿದ್ದ ಮೇಲೆ ಗೊತ್ತಾಯಿತು.

ಸಿಟ್ಟು ಬಂದಿತ್ತು. ಈಗಲೂ ಇದೆ. ಆದರೆ ನಿನಗೆ ಹೇಳಬೇಕಾದದ್ದು ಸಿಟ್ಟಿನ ವಿಷಯವಲ್ಲ. ಅದು ಮೊದಲ ದಿನದಿಂದಲೇ ಬಿಗಿಯಿತ್ತು ಅಮ್ಮಾ. ಬಿಚ್ಚಿದಾಗಲೆಲ್ಲ ಪಕ್ಕೆಯಲ್ಲಿ ಕೆಂಪು ಬರೆ ಬಿದ್ದಿರುತ್ತಿತ್ತು. ಬೇರೆ ಯಾರು ಹೊಲಿದಿದ್ದರೂ ಅವತ್ತೇ ಎಸೆಯುತ್ತಿದ್ದೆ. ನೀನು ಹೊಲಿದದ್ದು ತಪ್ಪಿರುತ್ತದೆಂದು ನನಗೆ ಒಂದು ಸಲವೂ ಹೊಳೆಯಲಿಲ್ಲ. ನಾನೇ ದಪ್ಪಗಾದೆ, ನನ್ನ ಉಸಿರೇ ಇಷ್ಟು ಎಂದುಕೊಂಡೆ. ಹೊಗೆಯೊಳಗೂ ಅದನ್ನೇ ಅಂದುಕೊಂಡಿದ್ದೆ.

ಹೊಗೆಕೋಣೆ ನೆನೆದರೆ ನನಗೂ ಹೆದರಿಕೆಯಾಗುತ್ತದೆ. ನಿನ್ನೆಯಿಂದ ಇನ್ನೂ ಜಾಸ್ತಿ. ಹೋಗಬೇಡ ಎಂದು ನೀನು ಬಾಯಿಬಿಟ್ಟು ಹೇಳಿದ್ದರೆ ನಾನು ಜಗಳವಾಡುತ್ತಿದ್ದೆ, ಹೋಗುತ್ತಲೂ ಇದ್ದೆ, ಆದರೆ ಪೂರ್ತಿ ಉಸಿರು ತೆಗೆದುಕೊಂಡು ಹೋಗುತ್ತಿದ್ದೆ.

ಬೂದು ಬಣ್ಣದ್ದರಲ್ಲಿ ಗೊಂಬೆ ಎತ್ತುವುದು ಆಗುವುದಿಲ್ಲ, ನೋವಿಗೆ ಕೈ ಸೋಲುತ್ತದೆ. ಗುರುವಾರಕ್ಕೆ ಇನ್ನೊಂದು ಬೇಕು, ಹಿಡಿದುಕೊಳ್ಳಬೇಕು, ಉಸಿರಿಗೂ ಜಾಗ ಬಿಡಬೇಕು. ನಿನ್ನ ಹಾಗೆ ಹೊಲಿಯುವವರು ನನಗೆ ಬೇರೆ ಯಾರೂ ಗೊತ್ತಿಲ್ಲ. ಕೂತು ಹೊಲಿ. ವ್ಯಾನಿನವರ ಕೈಯಲ್ಲಿ ಕಳಿಸಬೇಡ. ಮಾತ್ರೆ ಪಕ್ಕದ ಮನೆಯಾಕೆ ಕೊಡಲಿ, ನೀನೇ ತೆಗೆದುಕೊಂಡು ಬಾ.